ಐದು ಮಾತು ಕಡಿಮೆ

ಕಾಂಗಾ ಬಟ್ಟೆಗೆ ಸುತ್ತ ಅಂಚು ಬೇಕು, ನಡುವೆ ಬಯಲು ಬೇಕು.
ಆ ಬಯಲಿಗೆ ನಮ್ಮಲ್ಲಿ ‘ಊರು’ ಅನ್ನುತ್ತೇವೆ.
ಊರಿನ ಬುಡದಲ್ಲಿ ಒಂದು ಸಾಲು ಮಾತು,
ಆ ಮಾತಿನ ಹೆಸರು ‘ಹೆಸರು’.
ಹೆಸರಿಲ್ಲದ ಕಾಂಗಾವನ್ನು ಯಾರೂ ಕೊಳ್ಳುವುದಿಲ್ಲ,
ಸುತ್ತಿಕೊಂಡರೂ ಬೆತ್ತಲೆ ನಿಂತ ಹಾಗಂತೆ.

ಹಿರಿಯ ತೀರಿಕೊಂಡ ವಾರ
ಕಿಸಿಮಾನಿಯ ಗಿರಣಿಗೆ ರಾಜಧಾನಿಯಿಂದ ತಂತಿ ಬಂತು:
ಹನ್ನೆರಡು ಬಣ್ಣ, ಹನ್ನೆರಡು ನುಡಿಮುತ್ತು,
ನಲವತ್ತನೆಯ ದಿನದೊಳಗೆ
ದೇಶದ ಹೆಂಗಸರೆಲ್ಲ ಅವನ ಮಾತು ಉಟ್ಟಿರಬೇಕು.
ಹಿಂದೆಯೇ ಬಂದ ಕಡತದಲ್ಲಿ ಏಳೇ ಇದ್ದವು.
ಏಳರಲ್ಲೂ ಎರಡು ಒಂದೇ ಮಾತು,
ನಡುವೆ ಕೆಮ್ಮಿ ಮತ್ತೆ ಹೇಳಿದ್ದು.

ನನ್ನ ಗಂಡ ಮಕಾಮೆ ಅಚ್ಚಿನ ಮನೆಯ ಗುಮಾಸ್ತ.
ದುಂಡು ಅಕ್ಷರ, ಹೊಟ್ಟೆಯಲ್ಲಿ ಹುಣ್ಣು,
ಯಾರಿಗೂ ‘ಇಲ್ಲ’ ಅನ್ನಲಾರದ ಬಾಯಿ.
ಐದು ಮಾತು ಕಡಿಮೆ ಇವೆ, ಬೆಳಗಾಗುವುದರೊಳಗೆ ಹುಡುಕು,
ಅಂದ ಮೇನೇಜರು.
ಎಲ್ಲಿ ಅಂತ ಇವನು ಕೇಳಲಿಲ್ಲ,
ಎಲ್ಲಿ ಅಂತ ಅವನೂ ಹೇಳಲಿಲ್ಲ.

ದೀಪದ ಎಣ್ಣೆ ತೀರುವ ತನಕ ಕೂತ.
ಒಂದು ಅವನಜ್ಜಿಯದು, ದೋಣಿಯ ಬಗ್ಗೆ.
ಒಂದು ಕ್ಷೌರಿಕ ಫಕೀಹಿಯದು,
ಕತ್ತರಿ ಅಂತ ಇದ್ದದ್ದನ್ನು ಕಾನೂನು ಅಂತ ತಿದ್ದಿದ.
ಒಂದು, ಬಸ್ಸಿನ ಬೆನ್ನ ಮೇಲೆ ಓದಿದ್ದು.
ಇನ್ನೊಂದು ನನಗೆ ಮರೆತಿದೆ, ದೇಶಕ್ಕೂ.
ಐದನೆಯದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ
ಪಕ್ಕದ ಮನೆಯ ಬಿಶಾರಾ ಉಪ್ಪಿಗೆ ಬಂದಳು,
ಆ ತಿಂಗಳಲ್ಲಿ ಏಳನೆಯ ಸಲ.
ಕೊಟ್ಟೆ. ಬಾಗಿಲು ಹಾಕಿಕೊಂಡ ಮೇಲೆ ಗೊಣಗಿದೆ:
"ಕೊಟ್ಟ ಉಪ್ಪು ಸಮುದ್ರಕ್ಕೆ ಬಿದ್ದ ಹಾಗೆ."
ಮಕಾಮೆ ತಲೆಯೆತ್ತಿದ.
ಬೆಳಿಗ್ಗೆ ಹಾಳೆ ನೋಡುತ್ತೇನೆ:
‘ಕೊಟ್ಟ ಉಪ್ಪು ಸಮುದ್ರವಾಗುತ್ತದೆ.’

ಈಗ ಅದು ಸಂಸತ್ತಿನ ಹೆಬ್ಬಾಗಿಲ ಮೇಲೆ, ಹಿತ್ತಾಳೆಯಲ್ಲಿ.
ಶಾಲೆಯಲ್ಲಿ ಎರಡು ಅಂಕದ ಪ್ರಶ್ನೆ:
ಯಾರು, ಯಾವ ಸಂದರ್ಭದಲ್ಲಿ ಹೇಳಿದರು?
ಬಂದರು ಕೂಲಿಗಳ ಮುಷ್ಕರದಲ್ಲಿ, ಹಿರಿಯ, ಅಂತ ಬರೆಯಬೇಕು.
‘ನಮ್ಮಜ್ಜಿ, ಬಿಶಾರಾ ಮೇಲೆ ರೇಗಿ’ ಅಂತ ಬರೆದ
ನನ್ನ ಮೊಮ್ಮಗಳಿಗೆ ಸೊನ್ನೆ.
ತೆರಿಗೆ ಏರಿಸಿದ ಮಂತ್ರಿ ಅದನ್ನೇ ಹೇಳಿ ಕೈಮುಗಿದ.
ಅವನಿಗೆ ಧಿಕ್ಕಾರ ಕೂಗಿದ ಹೆಂಗಸರ
ಸೊಂಟದಲ್ಲೂ ಅದೇ ಇತ್ತು.

ಹಿರಿಯನ ಬಾಯಿಂದಲೇ ನಾನು ಕೇಳಿದ್ದು ಒಂದು ಮಾತು.
ಗಿರಣಿ ನೋಡಲು ಬಂದಿದ್ದ,
ಮಗ್ಗಗಳ ಸದ್ದಿನಲ್ಲಿ ಭಾಷಣ ಯಾರ ಕಿವಿಗೂ ಬೀಳಲಿಲ್ಲ.
ನೂಲಿನ ಬುಟ್ಟಿ ಹೊತ್ತು ಹೋಗುತ್ತಿದ್ದ ನನ್ನ ಕಡೆ ಬಾಗಿ
"ಎಲ್ಲಾದರೂ ಕೂರಬಹುದಾ ತಾಯಿ, ಕಾಲು ನೋಯ್ತಿದೆ"
ಅಂದ.
ಖಾಲಿ ಪೆಟ್ಟಿಗೆ ಬೋರಲು ಹಾಕಿದೆ.
ಬೂಟು ಕಳಚಿದ. ಎಡಗಾಲ ಚೀಲ
ಹೆಬ್ಬೆರಳ ಹತ್ತಿರ ತೂತಾಗಿತ್ತು.
ಫೋಟೋದವನು ಬಂದ, ಇವನು ಎದ್ದು ನಿಂತ.

ಆ ರಾತ್ರಿ ಮಕಾಮೆಗೆ ಹೇಳಿದ್ದೆ,
ಇದನ್ನು ಹಾಕು, ಇದು ಕಳ್ಳಮಾಲಲ್ಲ, ಅವನದೇ.
ನಕ್ಕ. "ಕಾಲು ನೋಯ್ತಿದೆ ಅಂತ ಬರೆದ ಬಟ್ಟೆ
ಯಾರು ಉಡ್ತಾರೆ ಸಿವಾತು?"
ಯಾರು ಉಡಲ್ಲ ಅಂತ ಕೇಳಬೇಕೆಂದು ಹೊಳೆದದ್ದು
ಅವನು ಹೋಗಿ ಮೂರು ವರ್ಷಕ್ಕೆ,
ಸಂತೆಯಲ್ಲಿ ಇಡೀ ದಿನ ನಿಂತು ಮನೆಗೆ ಬಂದ ಒಂದು ಸಂಜೆ.

ಅಂಗಡಿಗೆ ಬಂದವರು ಉಪ್ಪಿನದು ಕೊಡಿ ಅನ್ನುತ್ತಾರೆ.
ಜೋಡಿ ಕತ್ತರಿಸುವ ಮೊದಲು
ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮುಂದೆ ತಳ್ಳುತ್ತೇನೆ.
ಬೇಡ ಅಂದವರನ್ನು ಇನ್ನೂ ಕಂಡಿಲ್ಲ.
ನಿನ್ನೆ ಬಿಶಾರಾ ಬಂದಿದ್ದಳು, ಕೋಲೂರಿಕೊಂಡು.
ಕೂತಳು. ಉಪ್ಪು ಕೇಳಲಿಲ್ಲ.
ಕೇಳಿದ್ದರೆ ಏನನ್ನುತ್ತಿದ್ದೆನೋ.